ನ್ಯಾಯದ ಬಾಗಿಲು ತಟ್ಟಿದ ತಾಯಿ

1776ರಲ್ಲಿ ಅಮೆರಿಕದ 13 ವಸಾಹತುಗಳು ಬ್ರಿಟಿಷರ ಆಳ್ವಿಕೆಯನ್ನು ಕಿತ್ತೊಗೆದು ತಾವು ಸ್ವತಂತ್ರವೆಂದು ಸಾರಿದುವು. ಮನುಷ್ಯರೆಲ್ಲರೂ ಹುಟ್ಟಿನಿಂದ ಸಮಾನರೆಂಬ ತತ್ತ್ವವನ್ನು ಆ ಘೋಷಣೆ ಎತ್ತಿಹಿಡಿಯಿತು. ಆದರೆ ಆ ತತ್ತ್ವದ ಬೆಳಕು ಆ ನಾಡಿನ ಎಲ್ಲರ ಮೇಲೂ ಬೀಳಲಿಲ್ಲ. ಆಫ್ರಿಕದಿಂದ ಹಡಗುಗಳಲ್ಲಿ ಸೆರೆಯಾಳುಗಳಾಗಿ ಬಂದವರ ಸಂತತಿಯವರು ಲಕ್ಷಾಂತರ ಸಂಖ್ಯೆಯಲ್ಲಿ ಗುಲಾಮಗಿರಿಯಲ್ಲಿ ನರಳುತ್ತಿದ್ದರು. ಅವರನ್ನು ದನಕುರಿಗಳಂತೆ ಕೊಳ್ಳಬಹುದಾಗಿತ್ತು, ಮಾರಬಹುದಾಗಿತ್ತು. ತಾಯಿಗೆ ತನ್ನ ಮಗುವಿನ ಮೇಲೆಯೂ ಹಕ್ಕಿರಲಿಲ್ಲ. ಇಂಥ ಕಾಲದಲ್ಲಿ ಅಕ್ಷರವನ್ನೇ ಅರಿಯದ, ಕೈಯಲ್ಲಿ ಕಾಸಿಲ್ಲದ ಒಬ್ಬ ಗುಲಾಮ ಹೆಂಗಸು ತನ್ನ ಬಿಡುಗಡೆಯನ್ನು ತಾನೇ ಸಾಧಿಸಿಕೊಂಡಳು. ಅಷ್ಟಕ್ಕೇ ತೃಪ್ತಳಾಗದೆ, ಕಳೆದುಹೋದ ಮಗನಿಗಾಗಿ ನ್ಯಾಯಾಲಯದ ಮೆಟ್ಟಿಲನ್ನೇರಿದಳು. ಆಕೆಯ ಮೊದಲ ಹೆಸರು ಇಸಬೆಲಾ. ಮುಂದೆ ಲೋಕ ಆಕೆಯನ್ನು ಸೋಜರ್ನರ್ ಟ್ರೂತ್ ಎಂಬ ಹೆಸರಿನಿಂದ ಗೌರವಿಸಿತು.

ಇಸಬೆಲಾ ಹುಟ್ಟಿದ್ದು ನ್ಯೂಯಾರ್ಕ್ ರಾಜ್ಯದ ಅಲ್‌ಸ್ಟರ್ ಜಿಲ್ಲೆಯಲ್ಲಿ, ಸುಮಾರು 1797ರಲ್ಲಿ. ಗುಲಾಮರ ಮಕ್ಕಳ ಹುಟ್ಟಿದ ದಿನವನ್ನು ಯಾರೂ ಬರೆದಿಡುತ್ತಿರಲಿಲ್ಲವಾದ್ದರಿಂದ ತಾನು ಹುಟ್ಟಿದ ದಿನ ಯಾವುದೆಂದು ಆಕೆಗೆ ಎಂದೂ ತಿಳಿಯಲಿಲ್ಲ. ತಂದೆ ಜೇಮ್ಸ್, ತಾಯಿ ಎಲಿಜಬೆತ್. ಗುಲಾಮಗಿರಿ ಅಮೆರಿಕದ ದಕ್ಷಿಣದ ಹತ್ತಿಯ ತೋಟಗಳಲ್ಲಿ ಮಾತ್ರ ಇತ್ತೆಂದು ನಾವು ಭಾವಿಸುವುದುಂಟು. ಆದರೆ ಆಗ ಉತ್ತರದ ರಾಜ್ಯವಾದ ನ್ಯೂಯಾರ್ಕಿನಲ್ಲಿಯೂ ಅದು ಬೇರೂರಿತ್ತು. ಇಸಬೆಲಾಳ ತಂದೆತಾಯಿಗಳ ಒಡೆಯರಾದ ಹಾರ್ಡನ್‌ಬರ್ಗ್ ಮನೆತನದವರು ಡಚ್ಚರು. ಆದುದರಿಂದ ಆಕೆ ಮೊದಲು ಕಲಿತದ್ದು ಡಚ್ ಭಾಷೆಯನ್ನೇ ಹೊರತು ಇಂಗ್ಲಿಷನ್ನಲ್ಲ. ಒಡೆಯನ ಮನೆಯ ನೆಲಮಾಳಿಗೆಯೇ ಗುಲಾಮರ ವಾಸಸ್ಥಾನ. ಬೆಳಕು ಕಾಣದ ಆ ತಾವಿನಲ್ಲಿ ಸಡಿಲವಾದ ಹಲಗೆಗಳ ಕೆಳಗೆ ಕೆಸರೂ ನೀರೂ ತುಂಬಿರುತ್ತಿದ್ದುವು. ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಅಲ್ಲಿಯೇ ಮಲಗಬೇಕಾಗಿತ್ತು.

ಆ ಕತ್ತಲೆಯಲ್ಲಿ ಕುಳಿತು ತಾಯಿ ತನ್ನಿಂದ ಅಗಲಿಹೋದ ಮಕ್ಕಳ ಕಥೆಯನ್ನು ಹೇಳುತ್ತಿದ್ದಳು. ಇಸಬೆಲಾಳಿಗಿಂತ ಮೊದಲು ಹುಟ್ಟಿದ ಮಕ್ಕಳೆಲ್ಲ ಒಬ್ಬೊಬ್ಬರಾಗಿ ಮಾರಾಟವಾಗಿ ಹೋಗಿದ್ದರು. ಒಂದು ಚಳಿಗಾಲದ ಬೆಳಗ್ಗೆ ಮನೆಯ ಮುಂದೆ ಹಿಮದ ಮೇಲೆ ಜಾರುವ ಬಂಡಿಯೊಂದು ಬಂದು ನಿಂತಿತು. 5 ವರ್ಷದ ಮಗ ಬಂಡಿಯ ಸವಾರಿಯೆಂದು ಹಿಗ್ಗಿದ. ಆದರೆ 3 ವರ್ಷದ ತಂಗಿಯನ್ನು ಬಂಡಿಯ ಪೆಟ್ಟಿಗೆಯಲ್ಲಿ ಮುಚ್ಚಿದುದನ್ನು ಕಂಡೊಡನೆ ನಡೆಯುತ್ತಿರುವುದೇನೆಂದು ಅವನಿಗೆ ಅರಿವಾಯಿತು. ಮನೆಯೊಳಕ್ಕೆ ಓಡಿ ಹಾಸಿಗೆಯ ಕೆಳಗೆ ಅಡಗಿದ ಆ ಕೂಸನ್ನು ಎಳೆದು ತಂದು ಬಂಡಿಗೆ ಹಾಕಿದರು. ತಾಯಿ ಅವರನ್ನು ಮತ್ತೆ ಕಾಣಲಿಲ್ಲ. ಸಂಕಟ ಬಂದಾಗ ಆಕಾಶದಲ್ಲಿರುವ ದೇವರನ್ನು ಕರೆಯಬೇಕೆಂದು ಮಾತ್ರ ಆಕೆ ಉಳಿದ ಮಕ್ಕಳಿಗೆ ಕಲಿಸಿದಳು. ಈ ಕಥೆ ಇಸಬೆಲಾಳ ಮನಸ್ಸಿನಲ್ಲಿ ಅಳಿಯದಂತೆ ನೆಲೆಸಿತು.

1806ರಲ್ಲಿ ಒಡೆಯ ಸತ್ತ. ಅವನ ಆಸ್ತಿಯೊಡನೆ ಇಸಬೆಲಾಳನ್ನೂ ಹರಾಜಿಗೆ ಇಟ್ಟರು. ಆಗ ಆಕೆಗೆ ಸುಮಾರು 9 ವರ್ಷ. ಒಂದು ಕುರಿಮಂದೆಯ ಜೊತೆಗೆ ಸೇರಿಸಿ ಆಕೆಯನ್ನು 100 ಡಾಲರಿಗೆ ಜಾನ್ ನೀಲಿ ಎಂಬವನಿಗೆ ಮಾರಿದರು. ಆ ಮನೆಯವರ ಭಾಷೆ ಇಂಗ್ಲಿಷ್. ಹುಡುಗಿಗೆ ತಿಳಿದದ್ದು ಡಚ್. ಒಂದು ಪಾತ್ರೆಯನ್ನು ತರಲು ಹೇಳಿದರೆ ಆಕೆ ಮತ್ತೊಂದನ್ನು ತರುವಳು. ಅದಕ್ಕೆ ಶಿಕ್ಷೆ ಹೊಡೆತ. ಕೆಂಡದಲ್ಲಿ ಕಾಯಿಸಿದ ಕಡ್ಡಿಗಳ ಕಟ್ಟಿನಿಂದ ನೀಲಿ ಒಮ್ಮೆ ಆಕೆಯನ್ನು ರಕ್ತ ಹರಿಯುವವರೆಗೆ ಹೊಡೆದ. ಆ ಗಾಯದ ಕಲೆಗಳು ಕೊನೆಯವರೆಗೂ ಆಕೆಯ ಬೆನ್ನಿನ ಮೇಲೆ ಉಳಿದುವು. ಅಲ್ಲಿಂದ ಹೋಟೆಲು ನಡೆಸುತ್ತಿದ್ದ ಒಬ್ಬ ಬೆಸ್ತನಿಗೆ, ಅವನಿಂದ 1810ರಲ್ಲಿ ಜಾನ್ ಡ್ಯೂಮಾಂಟ್ ಎಂಬ ಜಮೀನುದಾರನಿಗೆ ಆಕೆ ಮಾರಾಟವಾದಳು. ಇತ್ತ ವೃದ್ಧಾಪ್ಯದಲ್ಲಿ ಯಾರಿಗೂ ಬೇಡವಾದ ತಂದೆ ಜೇಮ್ಸ್ ಕಣ್ಣು ಕಳೆದುಕೊಂಡು, ಒಂಟಿ ಗುಡಿಸಿಲಿನಲ್ಲಿ ಚಳಿಯಿಂದ ಸೆಟೆದು ಸತ್ತ.

ಡ್ಯೂಮಾಂಟನ ಮನೆಯಲ್ಲಿ ಇಸಬೆಲಾ ಹದಿನಾರು ವರ್ಷ ದುಡಿದಳು. ಎತ್ತರವಾದ, ಬಲಿಷ್ಠವಾದ ಆಕೆ ಹಗಲು ಹೊಲದಲ್ಲಿ ಗಂಡಸರ ಸರಿಸಮನಾಗಿ ದುಡಿಯುವಳು. ರಾತ್ರಿ ಒಡತಿಯ ಮನೆಗೆಲಸ ಮಾಡುವಳು. ಅಲ್ಲಿಯೇ ಥಾಮಸ್ ಎಂಬ ವಯಸ್ಸಾದ ಗುಲಾಮನೊಡನೆ ಆಕೆಯ ವಿವಾಹವಾಯಿತು. ಆಕೆ ಐವರು ಮಕ್ಕಳನ್ನು ಹೆತ್ತಳು. ಅವರಲ್ಲಿ ಒಬ್ಬ ಬಾಲ್ಯದಲ್ಲಿಯೇ ತೀರಿಕೊಂಡ. ಮಿಕ್ಕವರು ಡಯಾನಾ, ಪೀಟರ್, ಎಲಿಜಬೆತ್ ಮತ್ತು ಸೋಫಿಯಾ.

ಈ ನಡುವೆ ನ್ಯೂಯಾರ್ಕ್ ರಾಜ್ಯದ ಕಾನೂನು ನಿಧಾನವಾಗಿ ಬದಲಾಗುತ್ತಿತ್ತು. ಗುಲಾಮಗಿರಿಯನ್ನು ಹಂತಹಂತವಾಗಿ ಕೊನೆಗಾಣಿಸಲು 1799ರಲ್ಲಿ ಒಂದು ಶಾಸನವಾಯಿತು. 1817ರಲ್ಲಿ ಆದ ಮತ್ತೊಂದು ಶಾಸನದ ಪ್ರಕಾರ 1799ರ ಜುಲೈ 4ಕ್ಕಿಂತ ಮೊದಲು ಹುಟ್ಟಿದ ಗುಲಾಮರೆಲ್ಲರೂ 1827ರ ಜುಲೈ 4ರಂದು ಬಿಡುಗಡೆ ಹೊಂದಬೇಕಾಗಿತ್ತು. ಆ ದಿನದ ಅನಂತರ ಹುಟ್ಟಿದ ಮಕ್ಕಳು ಹೆಸರಿಗೆ ಸ್ವತಂತ್ರರು. ಆದರೆ ಅವರು ಪ್ರಾಯಕ್ಕೆ ಬಂದು ಎಷ್ಟೋ ವರ್ಷಗಳಾಗುವವರೆಗೆ ತಾಯಿಯ ಒಡೆಯನಿಗೆ ದುಡಿಯಲೇಬೇಕು. ಹೀಗೆ ಕಾನೂನು ತಾಯಿಗೆ ಬಿಡುಗಡೆಯ ದಿನವನ್ನು ಗೊತ್ತುಮಾಡಿ, ಮಕ್ಕಳನ್ನು ಒಡೆಯನ ಕೈಯಲ್ಲಿಯೇ ಬಿಟ್ಟಿತ್ತು. ಆದರೂ ಆ ಕಾನೂನಿನಲ್ಲಿ ಒಂದು ರಕ್ಷಣೆಯಿತ್ತು. ಇಂಥ ಯಾರನ್ನೂ ರಾಜ್ಯದ ಗಡಿಯಾಚೆಗೆ ಮಾರುವಂತಿರಲಿಲ್ಲ. ದಕ್ಷಿಣದ ರಾಜ್ಯಗಳಿಗೆ ಹೋದವರಿಗೆ ಬಿಡುಗಡೆಯೆಂಬುದೇ ಇಲ್ಲವಾದ್ದರಿಂದ ಅದು ಘೋರ ಅಪರಾಧವೆನಿಸಿತ್ತು.

ಇಸಬೆಲಾ ನಿಷ್ಠೆಯಿಂದ ದುಡಿದರೆ ಕಾನೂನಿನ ಗಡುವಿಗಿಂತ ಒಂದು ವರ್ಷ ಮೊದಲೇ ಆಕೆಯನ್ನು ಬಿಟ್ಟುಕೊಡುವುದಾಗಿ ಡ್ಯೂಮಾಂಟ್ ಮಾತು ಕೊಟ್ಟಿದ್ದ. ಆಕೆ ಎಂದಿಗಿಂತ ಹೆಚ್ಚಾಗಿ ದುಡಿದಳು. ಆ ವರ್ಷ ಕೈಗೆ ಪೆಟ್ಟಾಗಿ ಬೆರಳು ಸ್ವಾಧೀನ ತಪ್ಪಿದರೂ ಕೆಲಸ ಬಿಡಲಿಲ್ಲ. ಆದರೆ 1826ರ ಜುಲೈ ಬಂದಾಗ, ಕೈ ಕೆಟ್ಟು ಕೆಲಸ ಕುಂದಿತೆಂಬ ನೆಪದಿಂದ ಒಡೆಯ ಮಾತಿಗೆ ತಪ್ಪಿದ. ಇಸಬೆಲಾ ವಾದಿಸಲಿಲ್ಲ. ತನ್ನ ಪಾಲಿನ ಋಣವೆಂದು ತೋರಿದುದನ್ನು ತೀರಿಸಿಯೇ ಹೊರಡಬೇಕೆಂದು ನಿಶ್ಚಯಿಸಿ, ಆ ವರ್ಷದ ಉಣ್ಣೆ ಸುಮಾರು 100 ಪೌಂಡನ್ನು ನೂತು ಮುಗಿಸಿದಳು. ಅನಂತರ ಆ ವರ್ಷದ ಕೊನೆಯ ಭಾಗದಲ್ಲಿ ಒಂದು ದಿನ, ಬೆಳಕು ಹರಿಯುವ ಮುನ್ನ, ಎಳೆಗೂಸು ಸೋಫಿಯಾಳನ್ನು ಒಂದು ಕೈಯಲ್ಲಿ, ಬಟ್ಟೆಯ ಗಂಟನ್ನು ಮತ್ತೊಂದು ಕೈಯಲ್ಲಿ ಹಿಡಿದು ಆ ಮನೆಯಿಂದ ಹೊರಬಿದ್ದಳು. ರಾತ್ರಿಯ ಭಯ ಒಂದು ಕಡೆ, ಹಗಲಿನಲ್ಲಿ ಸಿಕ್ಕಿಬೀಳುವ ಭಯ ಮತ್ತೊಂದು ಕಡೆ. ಆದುದರಿಂದ ಅರುಣೋದಯದ ಆ ಹೊತ್ತನ್ನು ಆಕೆ ಆರಿಸಿಕೊಂಡಿದ್ದಳು. ಉಳಿದ ಮಕ್ಕಳನ್ನು ಹಿಂದೆ ಬಿಟ್ಟು ಹೋಗಬೇಕಾದ ವೇದನೆ ಎಂಥದೆಂಬುದನ್ನು ಊಹಿಸಬಹುದು. ಆದರೆ ಕಾನೂನಿನ ಪ್ರಕಾರ ಅವರು ಒಡೆಯನ ಸೇವೆಗೆ ಬದ್ಧರಾಗಿದ್ದರು.

ಐಸಾಕ್ ವಾನ್ ವಾಗನೆನ್ ಮತ್ತು ಅವನ ಹೆಂಡತಿ ಮರಿಯಾ ಎಂಬ ದಂಪತಿಗಳು ಇಸಬೆಲಾಳಿಗೆ ಆಶ್ರಯ ಕೊಟ್ಟರು. ಡ್ಯೂಮಾಂಟ್ ಹುಡುಕಿಕೊಂಡು ಬಂದು ಓಡಿಹೋದುದಕ್ಕಾಗಿ ಆಕೆಯ ಮೇಲೆ ಸಿಡುಕಿದ. ತಾನು ಕದ್ದು ಓಡಿದವಳಲ್ಲವೆಂದೂ, ಹಗಲು ಹೊತ್ತಿನಲ್ಲಿ ನಡೆದುಕೊಂಡೇ ಬಂದೆನೆಂದೂ ಆಕೆ ಉತ್ತರಿಸಿದಳು. ಮನುಷ್ಯರನ್ನು ಕೊಳ್ಳುವುದು ಐಸಾಕನಿಗೆ ಸಮ್ಮತವಾಗಿರಲಿಲ್ಲ. ಆದರೂ ಆಕೆ ಮತ್ತೆ ಆ ಮನೆಗೆ ಹೋಗಬಾರದೆಂದು ಉಳಿದ ಅವಧಿಯ ದುಡಿಮೆಯ ಬಾಬ್ತು 20 ಡಾಲರನ್ನೂ ಮಗುವಿಗಾಗಿ 5 ಡಾಲರನ್ನೂ ಅವನು ತೆತ್ತ. ತನ್ನನ್ನು ಒಡೆಯನೆಂದು ಕರೆಯಬಾರದೆಂದು ಇಸಬೆಲಾಳಿಗೆ ಹೇಳಿದ. ಹುಟ್ಟಿದಂದಿನಿಂದ ಆಕೆ ಕೇಳದ ಮಾತು ಅದು.

ಆದರೆ ಸ್ವಾತಂತ್ರ್ಯದ ನೆಮ್ಮದಿ ಬಹುಕಾಲ ಉಳಿಯಲಿಲ್ಲ. 5 ವರ್ಷದ ಮಗ ಪೀಟರನನ್ನು ಡ್ಯೂಮಾಂಟ್ ಮಾರಿಬಿಟ್ಟಿದ್ದ. ಅವನು ಕೈಯಿಂದ ಕೈಗೆ ಸಾಗಿ ಸಾಲೊಮನ್ ಗೆಡ್ನಿ ಎಂಬವನ ವಶಕ್ಕೆ ಬಂದ. ಗೆಡ್ನಿ ಅವನನ್ನು ತನ್ನ ತಂಗಿಯ ಗಂಡ ಫೌಲರನಿಗೆ ಕೊಟ್ಟ. ಫೌಲರನ ತೋಟವಿದ್ದದ್ದು ಬಹು ದೂರದ ಅಲಬಾಮ ರಾಜ್ಯದಲ್ಲಿ. ಅಲ್ಲಿ ಗುಲಾಮಗಿರಿಗೆ ಕೊನೆಯೆಂಬುದಿರಲಿಲ್ಲ. ಈ ಸುದ್ದಿ ತಿಳಿದೊಡನೆ ಇಸಬೆಲಾ ಕಾಲ್ನಡಿಗೆಯಲ್ಲಿಯೇ ಹೊರಟಳು. ಡ್ಯೂಮಾಂಟನ ಹೆಂಡತಿಯ ಬಳಿ ಮೊರೆಯಿಟ್ಟಳು. ಒಂದು ಕರಿಯ ಹುಡುಗನಿಗಾಗಿ ಇಷ್ಟು ಗೋಳೇಕೆಂದು ಆ ಒಡತಿ ಹಂಗಿಸಿದಳು. ಗೆಡ್ನಿಯ ತಾಯಿಯ ಬಳಿ ಹೋದಳು. ತನ್ನ ಮಗಳೂ ಅಲಬಾಮಕ್ಕೆ ಹೋಗಿರುವಳಲ್ಲ, ನಿನ್ನ ಮಗ ಅವಳಿಗಿಂತ ಹೆಚ್ಚೇ ಎಂದು ಆಕೆ ನಕ್ಕಳು. ಮದುವೆಯಾಗಿ ಗಂಡನ ಮನೆಗೆ ಹೋದ ಮಗಳಿಗೂ ಮಾರಾಟವಾಗಿ ಹೋದ ಮಗುವಿಗೂ ಇರುವ ಅಂತರ ಆ ತಾಯಿಗೆ ಹೊಳೆಯಲಿಲ್ಲ. ಇಸಬೆಲಾ ಮಾತ್ರ ಮಗನನ್ನು ಮರಳಿ ಪಡೆದೇ ತೀರುವೆನೆಂದು ಸ್ಪಷ್ಟವಾಗಿ ಹೇಳಿ ಹಿಂದಿರುಗಿದಳು. ಹಣವಿರಲಿಲ್ಲ, ಬಂಧುಬಲವಿರಲಿಲ್ಲ. ಆದರೆ ದೇವರು ತನ್ನ ಕಡೆಗಿರುವನೆಂಬ ನಂಬಿಕೆಯಿತ್ತು.

ಆ ಪ್ರಾಂತದಲ್ಲಿ ಕ್ವೇಕರರೆಂಬ ಕ್ರೈಸ್ತ ಪಂಥದವರು ವಾಸವಾಗಿದ್ದರು. ಅವರು ಗುಲಾಮಗಿರಿಯನ್ನು ಪಾಪವೆಂದು ಭಾವಿಸಿದವರು. ಮಗುವನ್ನು ರಾಜ್ಯದ ಹೊರಕ್ಕೆ ಸಾಗಿಸಿದ್ದು ಕಾನೂನಿಗೆ ವಿರುದ್ಧವೆಂದು ಇಸಬೆಲಾಳಿಗೆ ತಿಳಿಸಿ, ಜಿಲ್ಲೆಯ ನ್ಯಾಯಾಲಯವಿದ್ದ ಕಿಂಗ್‌ಸ್ಟನ್ ಊರಿಗೆ ಅವರು ಆಕೆಯನ್ನು ಕಳುಹಿಸಿಕೊಟ್ಟರು. ಆಕೆ ಎಂದೂ ನ್ಯಾಯಾಲಯವನ್ನು ಕಂಡವಳಲ್ಲ. ಅಲ್ಲಿಯ ರೀತಿನೀತಿಗಳನ್ನು ಅರಿತವಳಲ್ಲ. ಯಾರನ್ನು ಕಾಣಬೇಕೆಂದು ತಿಳಿಯದೆ, ಎಲ್ಲರಿಗಿಂತ ಗಂಭೀರವಾಗಿ ಕಂಡ ವ್ಯಕ್ತಿಯ ಬಳಿ ಹೋಗಿ ತನ್ನ ದೂರನ್ನು ಹೇಳಿಕೊಂಡಳು. ಸುತ್ತಲಿದ್ದವರು ನಕ್ಕರೂ ಎದೆಗುಂದಲಿಲ್ಲ. ಪೀಟರ್ ತನ್ನ ಮಗನೆಂದು ಪ್ರಮಾಣಮಾಡಿ ಹೇಳಿದಳು. ಆಕೆಗೆ ಒಂದು ಆಜ್ಞಾಪತ್ರ ದೊರೆಯಿತು. ಅದನ್ನು ಹಿಡಿದು 8-9 ಮೈಲಿ ದಾರಿಯನ್ನು ಅರ್ಧ ಓಡುತ್ತ ಅರ್ಧ ನಡೆಯುತ್ತ ಸಾಗಿ ನ್ಯೂ ಪಾಲ್ಟ್ಸ್ ಊರಿನ ಅಧಿಕಾರಿಗೆ ತಲಪಿಸಿದಳು. ಆದರೆ ಅವನು ಆ ಪತ್ರವನ್ನು ಗೆಡ್ನಿಯ ಬದಲು ಅವನ ಸೋದರನಿಗೆ ಕೊಟ್ಟುದರಿಂದ, ಸುಳಿವು ತಿಳಿದ ಗೆಡ್ನಿ ದೋಣಿಯಲ್ಲಿ ಹೊಳೆ ದಾಟಿ ತಪ್ಪಿಸಿಕೊಂಡ.

ಮುಂದೆ ಅವನು ವಕೀಲನನ್ನು ವಿಚಾರಿಸಿದಾಗ ತನ್ನ ಅಪರಾಧದ ಗುರುತ್ವ ಅರಿವಾಯಿತು. ದೀರ್ಘಕಾಲದ ಸೆರೆವಾಸವೂ ಭಾರಿ ದಂಡವೂ ಕಾದಿದ್ದುವು. ಭಯಗೊಂಡ ಗೆಡ್ನಿ ಅಲಬಾಮಕ್ಕೆ ಪ್ರಯಾಣಮಾಡಿ ಹುಡುಗನನ್ನು ಕರೆತಂದ. ಆದರೆ ತಾಯಿಗೆ ಒಪ್ಪಿಸದೆ, ಅವನು ತನ್ನ ಸ್ವತ್ತೆಂದು ಸಾಧಿಸಿದ. ನ್ಯಾಯಾಲಯಕ್ಕೆ ಹಾಜರಾಗುವುದಾಗಿ 600 ಡಾಲರುಗಳ ಮುಚ್ಚಳಿಕೆ ಬರೆದುಕೊಟ್ಟ. ಮೊಕದ್ದಮೆ ಮುಂದಿನ ಅಧಿವೇಶನದವರೆಗೆ ಎಂದರೆ ಹಲವು ತಿಂಗಳು ಕಾಯಬೇಕೆಂದು ಆಕೆಯ ವಕೀಲ ಹೇಳಿದ. ಅಷ್ಟರೊಳಗೆ ಮಗುವನ್ನು ಮತ್ತೆ ಎಲ್ಲಿಗಾದರೂ ಸಾಗಿಸಿಬಿಟ್ಟರೆ ಗತಿಯೇನೆಂದು ತಾಯಿಯ ಜೀವ ತಲ್ಲಣಿಸಿತು. ದಾರಿಯಲ್ಲಿ ಕಂಡವರೊಬ್ಬರು ಮತ್ತೊಬ್ಬ ವಕೀಲನ ಮನೆಯನ್ನು ತೋರಿಸಿದರು. ಆ ವಕೀಲ 5 ಡಾಲರು ಕೊಟ್ಟರೆ ಒಂದು ದಿನದೊಳಗೆ ಮಗುವನ್ನು ತರಿಸುವುದಾಗಿ ಹೇಳಿದ. ಒಮ್ಮೆಗೆ 1 ಡಾಲರನ್ನೂ ಕಾಣದಿದ್ದ ಇಸಬೆಲಾ ಕ್ವೇಕರರ ಹಳ್ಳಿಗೆ ನಡೆದುಹೋಗಿ ಬೇಡಿದಳು. ಅವರು ಕೇಳಿದುದಕ್ಕಿಂತ ಹೆಚ್ಚಾಗಿಯೇ ಕೊಟ್ಟರು. ಅಷ್ಟನ್ನೂ ತಂದು ಆಕೆ ವಕೀಲನ ಕೈಗೆ ಸುರಿದಳು. ಮಿಕ್ಕ ಹಣದಿಂದ ಬಟ್ಟೆಯನ್ನೋ ಪಾದರಕ್ಷೆಯನ್ನೋ ಕೊಳ್ಳಬಾರದಾಗಿತ್ತೆ ಎಂದು ಕೇಳಿದವರಿಗೆ, ತನಗೆ ಬೇಕಾದದ್ದು ಮಗನೊಬ್ಬನೇ ಎಂದು ಉತ್ತರಿಸಿದಳು.

1828ರ ವಸಂತಕಾಲದಲ್ಲಿ ಪೀಟರನನ್ನು ನ್ಯಾಯಾಧಿಕಾರಿಯ ಮುಂದೆ ತಂದು ನಿಲ್ಲಿಸಿದರು. ಆ ಕ್ಷಣ ಇಸಬೆಲಾಳ ಬಾಳಿನ ಅತ್ಯಂತ ಕಠಿನ ಕ್ಷಣವಾಯಿತು. ಮಗ ಆಕೆಯನ್ನು ಕಂಡು ಚೀರಿದ. ಈಕೆ ತನ್ನ ತಾಯಿಯಲ್ಲವೆಂದು ಅತ್ತ. ಗೆಡ್ನಿಯ ಕಾಲು ಹಿಡಿದು ತನ್ನನ್ನು ಬಿಟ್ಟುಕೊಡಬೇಡವೆಂದು ಬೇಡಿಕೊಂಡ. ಹಣೆಯ ಮೇಲಿನ ಗಾಯದ ಕಲೆಯನ್ನು ಕುರಿತು ಕೇಳಿದಾಗ ಕುದುರೆ ಒದೆಯಿತೆಂದ. ಕೆನ್ನೆಯ ಕಲೆಗೆ ಗಾಡಿ ತಗಲಿತೆಂದ. ಈ ಉತ್ತರಗಳನ್ನು ಹೇಳುವಾಗ ಅವನು ಗೆಡ್ನಿಯ ಮುಖವನ್ನೇ ನೋಡುತ್ತಿದ್ದ. ಹೇಳಿಕೊಟ್ಟ ಮಾತನ್ನು ಹೆದರಿ ಒಪ್ಪಿಸುವ ಮಗುವಿನ ಸ್ಥಿತಿಯನ್ನು ನ್ಯಾಯಾಧಿಕಾರಿ ಗ್ರಹಿಸಿದ. ಹುಡುಗನಿಗೆ ಬೇರೆ ಯಾವ ಒಡೆಯನೂ ಇಲ್ಲವೆಂದೂ, ಅವನನ್ನು ತಾಯಿಯ ವಶಕ್ಕೆ ಒಪ್ಪಿಸಬೇಕೆಂದೂ ತೀರ್ಪಿತ್ತ.

ಸುತ್ತಲಿದ್ದವರು ಬಹಳ ಹೊತ್ತು ಸಂತೈಸಿದ ಮೇಲೆ ಪೀಟರ್ ಮೆಲ್ಲಗೆ ಕಣ್ಣೆತ್ತಿ ನೋಡಿದ. ಈಕೆ ತನ್ನ ತಾಯಿಯನ್ನು ಹೋಲುವಳೆಂದ. ಆ ಬಳಿಕ ಇಸಬೆಲಾ ಅವನ ಅಂಗಿ ಬಿಚ್ಚಿ ನೋಡಿದಳು. ತಲೆಯಿಂದ ಕಾಲಿನವರೆಗೆ ಚಾವಟಿಯ ಬಾಸುಂಡೆಗಳು. ಬೆನ್ನು ಗಾಯದ ಗೆರೆಗಳಿಂದ ಗಂಟುಗಂಟಾಗಿತ್ತು. ಇದನ್ನೆಲ್ಲ ಮಾಡಿದವನು ಫೌಲರನೆಂದು ಮಗು ತಿಳಿಸಿದ. ಕುದುರೆ, ಗಾಡಿಗಳ ಮಾತು ಬೆದರಿಕೆಯಿಂದ ಬಂದುದೆಂದು ಆಗ ಎಲ್ಲರಿಗೂ ಮನವರಿಕೆಯಾಯಿತು.

ಆ ದೇಶದಲ್ಲಿ ಕರಿಯ ಹೆಂಗಸೊಬ್ಬಳು ಬಿಳಿಯನ ವಿರುದ್ಧ ಮೊಕದ್ದಮೆ ಹೂಡಿ ತನ್ನ ಮಗುವಿನ ಬಿಡುಗಡೆಯನ್ನು ಗೆದ್ದ ಮೊದಮೊದಲ ಪ್ರಸಂಗಗಳಲ್ಲಿ ಇದೂ ಒಂದು. ಇದಕ್ಕೆ ಸಂಬಂಧಿಸಿದ ಕಾಗದಪತ್ರಗಳು ಕಳೆದುಹೋದುವೆಂದೇ ಬಹುಕಾಲ ಭಾವಿಸಲಾಗಿತ್ತು. 2022ರಲ್ಲಿ ಅವು ನ್ಯೂಯಾರ್ಕ್ ರಾಜ್ಯದ ದಾಖಲೆಗಳ ಭಂಡಾರದಲ್ಲಿ ದೊರೆತುವು. ಓದುಬರಹ ಬಾರದ ಆ ತಾಯಿ ತನ್ನ ಹೇಳಿಕೆಯ ಕೆಳಗೆ ಸಹಿಯ ಬದಲಾಗಿ ಹಾಕಿದ ಗುರುತು ಅದರಲ್ಲಿದೆ.

ಅನಂತರ ಇಸಬೆಲಾ ಪೀಟರನೊಡನೆ ನ್ಯೂಯಾರ್ಕ್ ನಗರಕ್ಕೆ ಹೋಗಿ ಮನೆಗೆಲಸದಿಂದ ಜೀವಿಸಿದಳು. ಅಲ್ಲಿ ಆಕೆಯ ಮೇಲೆ ವಿಷವಿಕ್ಕಿದಳೆಂಬ ಅಪವಾದ ಬಂದಾಗ ಮತ್ತೆ ನ್ಯಾಯಾಲಯಕ್ಕೆ ಹೋಗಿ, 1835ರಲ್ಲಿ ಮಾನನಷ್ಟದ ಮೊಕದ್ದಮೆಯನ್ನು ಗೆದ್ದಳು. ಅಷ್ಟು ಕಷ್ಟದಿಂದ ಪಡೆದ ಮಗ ಮಾತ್ರ ಆಕೆಗೆ ಉಳಿಯಲಿಲ್ಲ. 1839ರಲ್ಲಿ ಪೀಟರ್ ತಿಮಿಂಗಿಲ ಬೇಟೆಯ ಹಡಗೊಂದರಲ್ಲಿ ಕೆಲಸಕ್ಕೆ ಸೇರಿದ. ಕೆಲವು ಪತ್ರಗಳು ಬಂದುವು. 1842ರಲ್ಲಿ ಹಡಗು ಬಂದರಿಗೆ ಮರಳಿದಾಗ ಅವನು ಅದರಲ್ಲಿರಲಿಲ್ಲ. ಮುಂದೆ ಅವನ ಸುದ್ದಿಯೇ ತಿಳಿಯಲಿಲ್ಲ.

1843ರ ಜೂನ್ 1ರಂದು ಇಸಬೆಲಾ ಒಡೆಯರು ಇಟ್ಟ ಹೆಸರನ್ನು ತೊರೆದು ಸೋಜರ್ನರ್ ಟ್ರೂತ್ ಎಂಬ ಹೊಸ ಹೆಸರನ್ನು ಧರಿಸಿದಳು. ನಿಂತಲ್ಲಿ ನಿಲ್ಲದೆ ಸಂಚರಿಸುವ ಯಾತ್ರಿಕೆ ಎಂಬುದು ಮೊದಲ ಪದದ ಭಾವ. ಸತ್ಯ ಎಂಬುದು ಎರಡನೆಯದರ ಅರ್ಥ. ಹೆಸರಿಗೆ ತಕ್ಕಂತೆ ಆಕೆ ಊರೂರು ತಿರುಗಿ ಗುಲಾಮಗಿರಿಯ ವಿರುದ್ಧವಾಗಿಯೂ ಸ್ತ್ರೀಯರ ಹಕ್ಕಿನ ಪರವಾಗಿಯೂ ಮಾತನಾಡಿದಳು. ಆಕೆ ಹೇಳಿ ಬರೆಸಿದ ಜೀವನಕಥೆ 1850ರಲ್ಲಿ ಪ್ರಕಟವಾಯಿತು. 1851ರಲ್ಲಿ ಒಹಾಯೊ ರಾಜ್ಯದ ಆಕ್ರನ್ ನಗರದಲ್ಲಿ ನಡೆದ ಮಹಿಳಾ ಸಮ್ಮೇಳನದಲ್ಲಿ, ಹೊಲದಲ್ಲಿ ಗಂಡಸಿನಷ್ಟೇ ದುಡಿದ ತನಗೆ ಗಂಡಸಿನಷ್ಟೇ ಹಕ್ಕೇಕಿಲ್ಲವೆಂಬ ಅರ್ಥದಲ್ಲಿ ಆಕೆ ಮಾಡಿದ ಭಾಷಣ ಪ್ರಸಿದ್ಧವಾಗಿದೆ. 1864ರಲ್ಲಿ ಅಧ್ಯಕ್ಷ ಅಬ್ರಹಾಂ ಲಿಂಕನ್ನರನ್ನು ಭೇಟಿಯಾದಳು. ಬಿಡುಗಡೆ ಹೊಂದಿ ದಿಕ್ಕಿಲ್ಲದೆ ವಾಷಿಂಗ್ಟನ್ ನಗರಕ್ಕೆ ಬಂದವರ ಶುಶ್ರೂಷೆಯಲ್ಲಿ ತೊಡಗಿದಳು.

ಆ ನಗರದ ಟ್ರಾಮ್ ಬಂಡಿಗಳಲ್ಲಿ ವರ್ಣಭೇದ ಮಾಡಬಾರದೆಂದು 1865ರಲ್ಲಿ ಕಾನೂನಾಗಿತ್ತು. ಆದರೂ ಬಂಡಿಗಳು ಕರಿಯರನ್ನು ಕಂಡರೆ ನಿಲ್ಲುತ್ತಿರಲಿಲ್ಲ. ಸೋಜರ್ನರ್ ಬಂಡಿಯನ್ನು ಹತ್ತಿಯೇ ತೀರಿದಳು. ಆಕೆಯನ್ನು ಹೊರದೂಡಲು ಹೋಗಿ ಭುಜಕ್ಕೆ ಪೆಟ್ಟುಮಾಡಿದ ಕಂಡಕ್ಟರನ ಮೇಲೆ ದೂರು ಕೊಟ್ಟಳು. ಅವನು ಕೆಲಸವನ್ನು ಕಳೆದುಕೊಂಡ. ಆದರೆ ಎಲ್ಲ ಹೋರಾಟಗಳಲ್ಲಿಯೂ ಆಕೆಗೆ ಜಯ ದೊರೆಯಲಿಲ್ಲ. ಬಿಡುಗಡೆ ಹೊಂದಿದವರಿಗೆ ಸರಕಾರ ಭೂಮಿ ಕೊಡಬೇಕೆಂಬ ಆಕೆಯ ಮನವಿ ಫಲಿಸಲಿಲ್ಲ. 1872ರಲ್ಲಿ ಮತ ಹಾಕಲು ಹೋದಾಗ ಆಕೆಯನ್ನು ಹಿಂದಕ್ಕೆ ಕಳುಹಿಸಿದರು. ಸ್ತ್ರೀಯರಿಗೆ ಮತದಾನದ ಹಕ್ಕನ್ನು ನೀಡುವ ತಿದ್ದುಪಡಿ ಆ ದೇಶದ ಸಂವಿಧಾನಕ್ಕೆ ಸೇರಿದ್ದು 1920ರಲ್ಲಿ. ಅಷ್ಟರಲ್ಲಿ ಆಕೆ ತೀರಿಕೊಂಡು ಸುಮಾರು 37 ವರ್ಷಗಳಾಗಿದ್ದುವು.

1883ರ ನವೆಂಬರ್ 26ರಂದು ಮಿಷಿಗನ್ ರಾಜ್ಯದ ಬ್ಯಾಟಲ್ ಕ್ರೀಕ್ ಊರಿನಲ್ಲಿ ಸೋಜರ್ನರ್ ಟ್ರೂತ್ ಕಣ್ಣುಮುಚ್ಚಿದಳು. ಒಮ್ಮೆ ಕುರಿಮಂದೆಯೊಡನೆ ಹರಾಜಾದ ಆ ಬಾಲಿಕೆಯ ಪ್ರತಿಮೆಯನ್ನು 2009ರಲ್ಲಿ ಅಮೆರಿಕದ ಸಂಸತ್ ಭವನದಲ್ಲಿ ಸ್ಥಾಪಿಸಲಾಯಿತು. ಆ ಭವನದಲ್ಲಿ ಪ್ರತಿಮೆಯ ಗೌರವ ಪಡೆದ ಮೊದಲ ಕರಿಯ ಮಹಿಳೆ ಆಕೆಯೇ. ಪೀಟರನನ್ನು ರಕ್ಷಿಸಬೇಕಾದ ಕಾನೂನು ಅವನು ಹುಟ್ಟುವ ಮೊದಲೇ ಇತ್ತು. ಆದರೂ ಅವನು ಮಾರಾಟವಾದ, ಚಾವಟಿಯ ಏಟು ತಿಂದ. ಗ್ರಂಥದಲ್ಲಿ ಮಲಗಿದ್ದ ಆ ಕಾನೂನನ್ನು ಎಚ್ಚರಿಸಲು ಒಬ್ಬ ತಾಯಿ ಬರಿಗಾಲಿನಲ್ಲಿ ನಡೆದು ಬರಬೇಕಾಯಿತು. ನ್ಯಾಯವನ್ನು ಬರೆದಿಡುವವರಷ್ಟೇ, ಅದನ್ನು ಹಟಹಿಡಿದು ಕೇಳುವವರೂ ಸಮಾಜಕ್ಕೆ ಅವಶ್ಯಕವೆಂಬುದಕ್ಕೆ ಆಕೆಯ ಬಾಳು ಸಾಕ್ಷಿಯಾಗಿದೆ.